ನೀಲಿ ಗಾಜಿನ ಬೇಸಿನ್ನು, ಸೌಳು ನೀರು

ಡಿಗ್ರಿ ಮುಗಿದು ಎರಡು ವರ್ಷ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸ ಒಮ್ಮೆ ಲಿಖಿತ ಪರೀಕ್ಷೆಯಲ್ಲಿ ಹೋಯಿತು, ಇನ್ನೊಮ್ಮೆ ಓಟದಲ್ಲಿ. ‘ಖಾಲಿ ಕುಂತು ಏನ್ ಮಾಡ್ತಿ?’ ಎಂದು ಅಪ್ಪ ಗದಗಿನ ಒಂದು ಸ್ಯಾನಿಟರಿವೇರ್ ಅಂಗಡಿಗೆ ಕಳಿಸಿದರು. ತಿಂಗಳಿಗೆ 9,500 ರೂಪಾಯಿ ಪಗಾರ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರ್ ಹಿಂದೆ ಕುಳಿತು ಸಾಮಾನ್ಯ ಜ್ಞಾನದ ಪುಸ್ತಕ ಓದುವುದಕ್ಕೆ ಮಾಲಕರು ಬೇಡ ಅನ್ನುತ್ತಿರಲಿಲ್ಲ. ಭಾರತದ ನದಿಗಳು, ಸಂವಿಧಾನದ ವಿಧಿಗಳು ಬಾಯಿಪಾಠ ಆಗಿದ್ದವು. ಎದುರಿಗಿದ್ದ ಮಾಲಿನ ಬಗ್ಗೆ ಮಾತ್ರ ಬೆಲೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮುಂಡರಗಿಯ ಅತ್ತೆಯ ಫೋನ್ ಬಂತು. ಮಗಳ ಲಗ್ನಕ್ಕೆ ಮುಂಚೆ ಹೊಸ ಮನೆ ಮುಗಿಸುವ ಗಡಿಬಿಡಿಯಲ್ಲಿದ್ದರು. ‘ಲೇ ತಮ್ಮಾ, ಬಚ್ಚಲಕ್ಕ ಬೇಸಿನ್ ನೀನ ಆರಿಸಿ ಕಳಸು. ಟಿವ್ಯಾಗ ತೋರಸ್ತಾರಲ್ಲ, ಗಾಜಿಂದು, ಹಂಗಿರಬೇಕು. ಬೀಗರು ಬಂದು ನೋಡಿದ್ರ ಹೌದೌದು ಅನ್ನಬೇಕು’ ಅಂದರು. ನನ್ನನ್ನು ನಂಬಿ ಒಬ್ಬರು ದೊಡ್ಡ ಸಾಮಾನು ಕೇಳಿದ್ದು ಅದೇ ಮೊದಲು. ನಮ್ಮ ಅಂಗಡಿಯ ಮೇಲಿನ ಸಾಲಿನಲ್ಲಿ ಸಮುದ್ರನೀಲಿ ಬಣ್ಣದ್ದೊಂದು ಇತ್ತು. ಕಟ್ಟೆಯ ಮೇಲೆ ಬಟ್ಟಲಿಟ್ಟಂತೆ ಕೂರುವ ಮಾದರಿ. ಅದರ ಕೆಳಗೆ ಬಲ್ಬು ಹಾಕಿದರೆ ಒಳಗೆ ಅಲೆ ಎದ್ದಂತೆ ಕಾಣುತ್ತಿತ್ತು. 4,200 ರೂಪಾಯಿ. ಜೊತೆಗೊಂದು ನಳ. ಹುಲ್ಲು, ರಟ್ಟು ಸುತ್ತಿ ಮುಂಡರಗಿ ಬಸ್ಸಿಗೆ ಹಾಕಿ ಬೀಗಿದೆ.

ಹದಿನೈದು ದಿನಕ್ಕೆ ಮತ್ತೆ ಫೋನ್. ಈ ಸಲ ದನಿ ಬೇರೆ. ‘ಒಂದ್ಸಲ ಬಂದು ನೋಡಿ ಹೋಗಪಾ.’

ಭಾನುವಾರ ಹೋದೆ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ, ಗಾಜು ಒಡೆದಿರಬೇಕು, ಅಷ್ಟೇ ಎಂದುಕೊಂಡಿದ್ದೆ. ಒಡೆದಿದ್ದರೆ ಚೆನ್ನಾಗಿತ್ತು, ತಪ್ಪು ಬಸ್ಸಿನದಾಗುತ್ತಿತ್ತು.

ಗೌಂಡಿ ಮೊದಲೇ ಗ್ರಾನೈಟ್ ಕಟ್ಟೆಯನ್ನು ನೆಲದಿಂದ 32 ಇಂಚಿಗೆ ಕೂರಿಸಿದ್ದ. ಕಟ್ಟೆಯೊಳಗೆ ಇಳಿಯುವ ಸಾದಾ ಬೇಸಿನ್ನಿಗೆ ಅದು ಸರಿಯಾದ ಅಳತೆಯೇ. ಆದರೆ ನಾನು ಕಳಿಸಿದ್ದು ಮೇಲೆ ಕೂರುವಂಥದ್ದು, ಅದರ ಎತ್ತರ ಆರು ಇಂಚು. ಅಂಚು 38ಕ್ಕೆ ಹೋಗಿ ನಿಂತಿತ್ತು. ಅತ್ತೆಯ ಅತ್ತೆ, ನಾವೆಲ್ಲ ಆಯಿ ಅನ್ನುತ್ತೇವೆ, ಐದಡಿಯೂ ಇಲ್ಲ. ಮುಖ ತೊಳೆಯಲು ಕೈ ಎತ್ತಿದರೆ ನೀರು ಮೊಣಕೈಗುಂಟ ಇಳಿದು ಸೀರೆಯೆಲ್ಲ ತೋಯುತ್ತಿತ್ತು. ನಳದ ಬಾಯಿಗೂ ಬಟ್ಟಲಿನ ಅಂಚಿಗೂ ಒಂದೇ ಇಂಚು ಅಂತರ, ಕೈ ತೂರಿಸಲು ಜಾಗವಿಲ್ಲ. ನೀರು ಬೀಳುತ್ತಿದ್ದದ್ದೂ ತೂತಿನ ಹತ್ತಿರ ಅಲ್ಲ, ಹಿಂದಿನ ಇಳಿಜಾರಿನ ಮೇಲೆ. ಅಲ್ಲಿಂದ ಪುಟಿದು ಕನ್ನಡಿಗೆ ಹಾರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಬಣ್ಣ. ಸಮುದ್ರನೀಲಿ ಎಲ್ಲಿ? ಸುಣ್ಣ ಬಳಿದು ಒರೆಸಿದ ಗೋಡೆಯ ಹಾಗಿತ್ತು. ಆ ಬಿಳಿ ಕಲೆ ತೆಗೆಯಲು ಆಯಿ ಬೋಗುಣಿ ತಿಕ್ಕುವ ತಂತಿಯಿಂದ ಉಜ್ಜಿದ್ದರು. ಗೀರುಗಳು ಸುತ್ತಲೂ.

‘ನಿಮ್ಮ ಅಂಗಡ್ಯಾಗ ಚಂದ ಇತ್ತೇನು?’ ಎಂದು ಆಯಿ ಕೇಳಿದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಕೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು.

ಲಗ್ನಕ್ಕೆ ಇಪ್ಪತ್ತು ದಿನ ಇತ್ತು. ಕಟ್ಟೆಯನ್ನು ಐದು ಇಂಚು ಇಳಿಸಿದೆವು. ಗೋಡೆಯೊಳಗಿನ ವೇಸ್ಟ್ ಪೈಪನ್ನೂ ಇಳಿಸಬೇಕಾಯಿತು, ಟೈಲ್ಸ್ ಎರಡು ಒಡೆದವು. ಎತ್ತರದ ನಳ ಬದಲಿಸಿದೆವು. 3,800 ರೂಪಾಯಿ ನನ್ನ ಪಗಾರಿನಿಂದ ಕೊಟ್ಟೆ. ಅತ್ತೆ ಬ್ಯಾಡ ಅಂದರು, ಮಾವ ಸುಮ್ಮನಿದ್ದರು. ಆ ತಿಂಗಳು ಪರೀಕ್ಷೆಯ ಅರ್ಜಿ ಶುಲ್ಕಕ್ಕೆ ಗೆಳೆಯನ ಹತ್ತಿರ ಸಾಲ.

ಆಮೇಲೆ ಸಂಜೆಗಳಲ್ಲಿ ಸಂವಿಧಾನ ಬದಿಗಿಟ್ಟು ಕಂಪನಿಗಳ ಕ್ಯಾಟಲಾಗ್ ಓದತೊಡಗಿದೆ. ಅಂಗಡಿಗೆ ಬರುವ ಹಳೆಯ ಪ್ಲಂಬರ್‌ಗಳಿಗೆ ಚಹಾ ಕುಡಿಸಿ ಕೇಳಿದೆ. ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಅಂಚು ನೆಲದಿಂದ 32ರಿಂದ 34 ಇಂಚಿಗೆ ಬರಬೇಕು. ಅದರಲ್ಲಿ ಬಟ್ಟಲಿನ ಎತ್ತರ ಕಳೆದರೆ ಉಳಿಯುವುದೇ ಕಟ್ಟೆಯ ಎತ್ತರ. ಅಂದರೆ ಬಟ್ಟಲು ಮೊದಲು ಕೊಳ್ಳಬೇಕು, ಗೌಂಡಿ ಆಮೇಲೆ ಬರಬೇಕು. ನಮ್ಮಲ್ಲಿ ಎಲ್ಲವೂ ಉಲ್ಟಾ. ನಳದ ಬಾಯಿ ಅಂಚಿಗಿಂತ ಮೂರ್ನಾಲ್ಕು ಇಂಚು ಮೇಲಿರಬೇಕು, ನೀರು ಆದಷ್ಟು ತೂತಿನ ಹತ್ತಿರ ಬೀಳಬೇಕು.

ನಳದಲ್ಲಿ ಇನ್ನೊಂದು ಮೋಸ ಇದೆ. ಗಾಜಿನ ಬಟ್ಟಲಿಗೆ ಜೋಡಿಯಾಗಿ ಅಗಲ ಬಾಯಿಯ ಜಲಪಾತದಂಥ ನಳ ಬರುತ್ತದೆ. ಪಂಪ್ ಹಚ್ಚಿ ತೋರಿಸುವಾಗ ಪರದೆಯಂತೆ ಇಳಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಟಾಕಿ ಇರುವುದು ತಲೆಯ ಮೇಲಿನ ಮಾಳಿಗೆಯಲ್ಲಿ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಹತ್ತು ಅಡಿಗೆ 0.3 ಬಾರ್ ಅಷ್ಟೇ. ಆ ಒತ್ತಡಕ್ಕೆ ಜಲಪಾತ ಬಾಯಿಗೇ ಅಂಟಿಕೊಂಡು ಸೋರುತ್ತದೆ.

ಗಾಜಿನ ಬಗ್ಗೆ ನನಗಿದ್ದ ಭಯ ಸುಳ್ಳಾಯಿತು. ಒಳ್ಳೆಯ ಬಟ್ಟಲು ಟಫನ್ಡ್ ಗಾಜಿನದ್ದು. 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿ ಊದಿ ಒಮ್ಮೆಲೇ ತಣಿಸುತ್ತಾರೆ. ಹೊರಮೈ ಒಳಕ್ಕೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಒಡೆದರೂ ಚೂಪು ಚೂರಾಗದೆ ಕಲ್ಲುಸಕ್ಕರೆಯಂತೆ ಉದುರುತ್ತದೆ. ಅದರ ನಾಜೂಕು ಇರುವುದು ಅಂಚಿನಲ್ಲಿ. ಹಿತ್ತಾಳೆ ತಂಬಿಗೆ ತಾಗಿ ಅಲ್ಲಿ ಚಕ್ಕೆ ಎದ್ದರೆ ಇಡೀ ಬಟ್ಟಲೇ ಹೋಗಬಹುದು. ತಣಿಸಿದ ಮೇಲೆ ಅದಕ್ಕೆ ತೂತು ಕೊರೆಯಲೂ ಬಾರದು. ಇಂಥ ಬಟ್ಟಲುಗಳಿಗೆ ಸಾಮಾನ್ಯವಾಗಿ ಹೆಚ್ಚಿನ ನೀರು ಹೊರಹೋಗುವ ಕಂಡಿಯೂ ಇರುವುದಿಲ್ಲ. ನೀರು ಬಾರದ ದಿನ ನಳ ತಿರುವಿ ಹಾಗೇ ಬಿಟ್ಟು ಹೋಗುವ ಚಟ ನಮ್ಮೆಲ್ಲರದು. ತೂತಿನ ಮುಚ್ಚಳ ಒತ್ತಿದ್ದು, ರಾತ್ರಿ ಯಾರೋ ಮೋಟರ್ ಹಚ್ಚಿದರೆ ಬೆಳಿಗ್ಗೆ ಮನೆಯೆಲ್ಲ ಕೆರೆ.

ಇನ್ನು ಆ ಸುಣ್ಣ. ಮುಂಡರಗಿ ಸೀಮೆಯ ಬೋರ್ ನೀರಿನ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಫ್ಲೋರೈಡ್ ಏಟು ಹಲ್ಲು, ಮೂಳೆಗೆ. ಗಾಜಿನ ಮೇಲೆ ಕೂರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ. ಹಮ್ಮಿಗಿಯಿಂದ ಬರುವ ತುಂಗಭದ್ರೆಯ ನೀರಾದರೆ ಗಾಜು ತಡೆಯುತ್ತದೆ. ಆದರೆ ನಳದ ಸಿಹಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರಲ್ಲಿ ಅದನ್ನು ಕೈ ತೊಳೆಯಲು ಯಾರು ಬಿಡುತ್ತಾರೆ? ಬಚ್ಚಲಕ್ಕೆ ಬೋರಿನ ಸೌಳು ನೀರೇ ಗತಿ. ಬಿಳಿ ಪಿಂಗಾಣಿಯಲ್ಲಿ ಆ ಕಲೆ ಅಡಗುತ್ತದೆ, ಬಣ್ಣದ ಗಾಜಿನಲ್ಲಿ ಹನಿಹನಿಯೂ ಎದ್ದು ಕಾಣುತ್ತದೆ.

ಹಾಗಾಗಿ ಈಗ ನಾನು ಗಿರಾಕಿಗೆ ಕೇಳುವ ಮೊದಲ ಪ್ರಶ್ನೆ: ‘ಯಾವ ನೀರ್ರೀ ನಿಮ್ದು?’ ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರೊಬ್ಬರು ಎಲ್ಲ ಕೇಳಿಕೊಂಡು ಬಿಳಿ ಪಿಂಗಾಣಿಯದ್ದು ಒಯ್ದರು. ಶಿರಹಟ್ಟಿಯ ಗೌಂಡಿಯೊಬ್ಬರು ಕಟ್ಟೆ ಕಟ್ಟುವ ಮೊದಲು ಫೋನ್ ಮಾಡಿ ಬಟ್ಟಲಿನ ಎತ್ತರ ಕೇಳುತ್ತಾರೆ. ಗಾಜಿನ ಮಾಲು ಕಡಿಮೆ ಹೋಗುತ್ತಿದೆ ಎಂದು ಮಾಲಕರು ಒಂದೆರಡು ಸಲ ಗೊಣಗಿದ್ದೂ ಉಂಟು.

ಹೋದ ತಿಂಗಳು ಬೆಟಗೇರಿಯಿಂದ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಬಂದಳು. ಅಪ್ಪ ಕೈಮಗ್ಗದ ನೇಕಾರ. ಅವಳಿಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ಎಷ್ಟನೇ ಪ್ರಯತ್ನಕ್ಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸೀದಾ ನೀಲಿ ಬಟ್ಟಲಿನ ಮುಂದೆ ನಿಂತಳು. ‘ಟ್ಯೂಬ್‌ಲೈಟಿಗೆ ಬಣ್ಣ ಗೊತ್ತಾಗಂಗಿಲ್ರಿ, ಬಿಸಲಿಗೆ ತರ್ರಿ.’ ಅಂಗಡಿಯ ಮೆಟ್ಟಿಲಿಗೆ ತಂದಿಟ್ಟೆ. ನೀಲಿಯೊಳಗೊಂದು ಹಸಿರು ಎಳೆ ಇದೆಯೆಂದು ನನಗೆ ಆವತ್ತೇ ಗೊತ್ತಾದದ್ದು.

ನಾನು ಸೌಳು ನೀರು, ಕಲೆ, ತಂತಿ, ಆಯಿಯ ಸೀರೆ ಎಲ್ಲ ಹೇಳಿದೆ. ಬೇಡ ಅಂದರೂ ಬೇಸರವಿಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ದಿನಾ ಒರಸಿದ್ರ?’

‘ತೊಳದ ಕೂಡ್ಲೆ ಮೆತ್ತನ ಬಟ್ಟಿಲೆ ಒರಸಬೇಕು. ವಾರಕ್ಕೊಮ್ಮೆ ಲಿಂಬಿ ಹಣ್ಣಿನ ರಸ ಸವರಿ ತೊಳೀಬೇಕು. ನಳದ ಮ್ಯಾಲ ರಸ ನಿಲ್ಲಬಾರ್ದು, ಹೊಳಪು ಹೋಗತೈತಿ.’

‘ಅಷ್ಟ ಹೌದಲ್ರಿ? ನಮ್ಮ ಅವ್ವ ದಿನಾ ಮಗ್ಗಾ ಒರಸ್ತಾಳ. ನಾ ಇದನ್ನ ಒರಸ್ತೀನಿ. ಕಟ್ರಿ.’

ಪರ್ಸಿನಿಂದ ಐನೂರರ ಹೊಸ ನೋಟುಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟಳು. ನಾನು ಬಟ್ಟಲಿನ ಎತ್ತರ, ನಳದ ಬಾಯಿಯ ಎತ್ತರ, ಅವರ ಮನೆಯ ಕಟ್ಟೆಗೆ ಬೇಕಾದ ಇಂಚು ಎಲ್ಲವನ್ನೂ ಬಿಲ್ಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದೆ. ‘ಇದು ಗೌಂಡಿ ಕೈಯಾಗ ಕೊಡ್ರಿ, ಅವ ಕಟ್ಟಿ ಕಟ್ಟೂಕಿಂತ ಮೊದಲ’ ಎಂದೆ. ಆಟೊದಲ್ಲಿ ಬಟ್ಟಲನ್ನು ಸೀಟಿನ ಮೇಲಿಡಲು ಹೋದರೆ ಅವಳು ಒಪ್ಪಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಳು.