ಜೇಡನ ಬಲೆ ಮತ್ತು ಸೊಪ್ಪಿನ ಬೆಟ್ಟ

ಮಳೆಗಾಲ ಕಳೆದು ಇಬ್ಬನಿ ಬೀಳತೊಡಗಿದ ಬೆಳಗಿನಲ್ಲಿ ಯಲ್ಲಾಪುರದ ಅಡಿಕೆ ತೋಟವೊಂದರೊಳಗೆ ನಡೆದು ನೋಡಿರಿ. ಮರದಿಂದ ಮರಕ್ಕೆ ಹೊಂಬಣ್ಣದ ದೊಡ್ಡ ಬಲೆ ಕಟ್ಟಿ ಕುಳಿತ ಜೇಡವೊಂದು. ಬಲೆಯ ನಡುವೆ ಗುಣಾಕಾರದ ಚಿಹ್ನೆಯಂತೆ ಬಿಳಿಪಟ್ಟಿ ನೇಯ್ದದ್ದು ಮತ್ತೊಂದು. ಬಲೆಯನ್ನೇ ಕಟ್ಟದೆ ದರಕಿನ ಮೇಲೆ ಓಡಾಡಿ ಬೇಟೆಯಾಡುವುದು ಇನ್ನೊಂದು. ಮುಖಕ್ಕೆ ಅಂಟಿದ ನೂಲನ್ನು ಒರೆಸಿಕೊಂಡು, ಕೋಲಿನಿಂದ ಬಲೆಯನ್ನು ಹರಿದು ಮುಂದೆ ಸಾಗುವುದು ನಮ್ಮೆಲ್ಲರ ರೂಢಿ. ಒಮ್ಮೆ ಕೋಲನ್ನು ಕೆಳಗಿಟ್ಟು ಯೋಚಿಸೋಣ.

ಜೇಡವು ಕೀಟವಲ್ಲ, ಕೀಟಗಳನ್ನು ತಿಂದು ಬದುಕುವ ಎಂಟು ಕಾಲಿನ ಜೀವಿ. ವಿಜ್ಞಾನಿಗಳು ಇದುವರೆಗೆ ಹೆಸರಿಸಿರುವ ಜೇಡಗಳ ಪ್ರಭೇದಗಳು 50,000ಕ್ಕೂ ಮಿಕ್ಕಿವೆ. ಪ್ರಪಂಚದ ಜೇಡಗಳೆಲ್ಲ ಸೇರಿ ವರ್ಷವೊಂದಕ್ಕೆ 40ರಿಂದ 80 ಕೋಟಿ ಟನ್ ಆಹಾರವನ್ನು ಬೇಟೆಯಾಡುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇದರಲ್ಲಿ ಬಹುಪಾಲು ಕಾಡು ಹಾಗೂ ಹುಲ್ಲುಗಾವಲುಗಳ ಜೇಡಗಳದ್ದು. ವರ್ಷವರ್ಷವೂ ಉತ್ತು, ಬಿತ್ತಿ, ಕೊಯ್ಯುವ ಹೊಲದಲ್ಲಿ ಅವು ನೆಲೆನಿಲ್ಲುವುದು ಕಷ್ಟ.

ಹಾಗಾದರೆ ಹೊಲಕ್ಕೆ ಜೇಡಗಳು ಬರುವುದೆಲ್ಲಿಂದ? ಸುತ್ತಲಿನ ನೆಲದಿಂದ. ಜರ್ಮನಿಯ ಗೋಧಿ ಹೊಲಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುತ್ತಮುತ್ತ ಸಾಗುವಳಿಯಿಲ್ಲದ ನೆಲ ಹೆಚ್ಚಿದಂತೆ ಹೊಲದೊಳಗಿನ ನೆಲಜೇಡಗಳ ಪ್ರಭೇದಗಳು 12ರಿಂದ 20ಕ್ಕೆ ಏರಿದವು. ಸಾವಯವ ಕೃಷಿಯಿಂದ ಜೇಡಗಳ ಸಂಖ್ಯೆ ಹೆಚ್ಚಿತೇ ಹೊರತು ಬಗೆಗಳು ಹೆಚ್ಚಲಿಲ್ಲ. ಬಗೆಗಳನ್ನು ಕೊಟ್ಟದ್ದು ನೆರೆಯ ನೆಲ. ಮರಿಜೇಡಗಳು ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು ತೇಲಿ ಹೋಗುತ್ತವೆ. 1832ರಲ್ಲಿ ದಡದಿಂದ ಅರವತ್ತು ಮೈಲಿ ದೂರದ ಹಡಗಿನ ಮೇಲೂ ಡಾರ್ವಿನ್ ಅವುಗಳನ್ನು ಕಂಡಿದ್ದನು. ಆದರೆ ಹೊರಟು ಬರಲು ಒಂದು ತವರು ಬೇಕಷ್ಟೆ.

ನಮ್ಮ ಹಿರಿಯರು ಅಂಥ ತವರನ್ನು ತೋಟದ ಪಕ್ಕದಲ್ಲಿಯೇ ಉಳಿಸಿಕೊಂಡಿದ್ದರು. ಕಣಿವೆಯಲ್ಲಿ ತೋಟ, ಬಯಲಿನಲ್ಲಿ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವು ಬ್ರಿಟಿಷರ ಕಾಲದಿಂದಲೂ ಬಂದಿದೆ. ತೋಟದೊಳಗೂ ಬಾಳೆ, ಏಲಕ್ಕಿ, ಕಾಳುಮೆಣಸು. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡಿನ ಹಕ್ಕಿಗಳಲ್ಲಿ ಶೇಕಡಾ 90ರಷ್ಟು ಪ್ರಭೇದಗಳು ಇಲ್ಲಿನ ತೋಟಗಳಲ್ಲಿಯೂ ಇವೆಯೆಂದು ತೋರಿಸಿತು. ಹಕ್ಕಿಯ ಲೆಕ್ಕ ಜೇಡಕ್ಕೆ ಹಾಗೆಯೇ ಹೊಂದದಿದ್ದರೂ, ಇಬ್ಬರಿಗೂ ಆಸರೆ ಅದೇ ನೆರಳು, ಅದೇ ದರಕು.

ಬೆಟ್ಟ ಬೋಳಾಗಿ, ಗದ್ದೆಯ ಬದುವಿಗೆ ಕಳೆನಾಶಕ ಬಿದ್ದು, ಎಲ್ಲೆಡೆ ಒಂದೇ ಬೆಳೆ ಹಬ್ಬಿದರೆ ಈ ಆಸರೆ ತಪ್ಪುತ್ತದೆ. ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಕೀಟನಾಶಕಗಳು ಜೇಡಗಳನ್ನೂ ಇತರ ಮಿತ್ರಜೀವಿಗಳನ್ನೂ ಕೊಂದಾಗ ಕಂದು ಜಿಗಿಹುಳು ವಿಪರೀತವಾಗಿ ಹೆಚ್ಚಿತು. 1986ರಲ್ಲಿ ಅಲ್ಲಿನ ಸರಕಾರವು 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ನಿಷೇಧಿಸಬೇಕಾಯಿತು.

ಕೊಳೆರೋಗಕ್ಕಾಗಲಿ ಎಲೆಚುಕ್ಕೆಗಾಗಲಿ ಜೇಡವು ಮದ್ದಲ್ಲ. ಅವು ಶಿಲೀಂಧ್ರ ಇಲ್ಲವೇ ಶಿಲೀಂಧ್ರದಂಥ ಜೀವಿಗಳಿಂದ ಬರುವ ರೋಗಗಳು. ಆದರೆ ಕೂಲಿ ಕೇಳದೆ ಹಗಲಿರುಳು ಹುಳು ಹಿಡಿಯುವ ಈ ಆಳನ್ನು ಕಳೆದುಕೊಂಡರೆ ಆ ಕೆಲಸಕ್ಕೆ ನಾವು ಹಣ ತೆರಬೇಕಾದೀತು. ಬೆಟ್ಟದಲ್ಲಿ ಮರ ಉಳಿಯಲಿ, ಬದುವಿನಲ್ಲಿ ಒಂದಿಷ್ಟು ಹುಲ್ಲು ಉಳಿಯಲಿ. ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ, ಸಾಧ್ಯವಾದರೆ, ಬಲೆಯ ಅಡಿಯಲ್ಲಿ ತುಸು ತಲೆಬಾಗಿ ದಾಟೋಣ.