ತಳಿಯ ಹೆಸರು, ವಂಶವಾಹಿಯ ಹೆಸರು: ಸಮಾನ ದತ್ತಾಂಶಕೋಶಗಳು ಮತ್ತು ಮಲೆನಾಡಿನ ಭತ್ತ

ಹಣ್ಣುನೊಣ, ಇಲಿ, ಯೀಸ್ಟ್, ಭತ್ತ ಮುಂತಾದ ಕೆಲವು ಜೀವಿಗಳನ್ನು ಜೀವವಿಜ್ಞಾನಿಗಳು ‘ಮಾದರಿ ಜೀವಿ’ಗಳೆಂದು ಕರೆಯುತ್ತಾರೆ. ಒಂದರಲ್ಲಿ ಕಂಡುಕೊಂಡ ಸಂಗತಿ ಅದರ ಬಂಧುಜೀವಿಗಳ ಮೇಲೂ ಬೆಳಕು ಚೆಲ್ಲುತ್ತದೆಂಬುದು ಈ ಅಧ್ಯಯನದ ತಳಹದಿ. ಆದರೆ ಪ್ರತಿಯೊಂದು ಜೀವಿಯನ್ನು ಕುರಿತ ವಿದ್ವತ್ ಬಳಗವೂ ತನ್ನದೇ ದತ್ತಾಂಶಕೋಶವನ್ನೂ ಹೆಸರುಗಳನ್ನೂ ರೂಢಿಸಿಕೊಂಡು ಬಂದಿತು. ಈ ಬಿಡಿ ಕೋಶಗಳನ್ನು ಬೆಸೆದ ಬಗೆಯನ್ನು ವಿವರಿಸಿ, ಅದು ಮಲೆನಾಡಿನ ನಾಟಿ ಭತ್ತದ ದಾಖಲಾತಿಗೆ ಕಲಿಸುವ ಪಾಠವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಣ್ಣುನೊಣದ ಒಂದು ವಂಶವಾಹಿಗೆ ‘ಐಲೆಸ್’, ಅಂದರೆ ಕಣ್ಣಿಲ್ಲದ್ದು, ಎಂದು ಹೆಸರು. ಇಲಿಯಲ್ಲಿ ಕಣ್ಣು ಕಿರಿದಾಗಿಸುವ ‘ಸ್ಮಾಲ್ ಐ’, ಮನುಷ್ಯರಲ್ಲಿ ಕಣ್ಣಿನ ಪಾಪೆಯ ಸುತ್ತಲ ಪೊರೆಯೇ ಇಲ್ಲವಾಗುವ ‘ಅನಿರಿಡಿಯಾ’ ಎಂಬ ದೋಷಗಳು ಬೇರೆಯಾಗಿಯೇ ದಾಖಲಾಗಿದ್ದವು. ಈ ಮೂರೂ ಒಂದೇ ಮೂಲದ ವಂಶವಾಹಿಗೆ ಸಂಬಂಧಿಸಿದವೆಂದು ೧೯೯೪ರಲ್ಲಿ ತಿಳಿದುಬಂತು. ಮರುವರ್ಷ ಇಲಿಯ ವಂಶವಾಹಿಯನ್ನು ನೊಣದಲ್ಲಿ ಪ್ರಚೋದಿಸಿದಾಗ ಅಸ್ಥಾನದಲ್ಲಿ ನೊಣದ ಕಣ್ಣೇ ಮೂಡಿತು.

ಜಾನಪದ ವಿದ್ವಾಂಸರಿಗೆ ಇಂತಹ ಸಮಸ್ಯೆ ಅಪರಿಚಿತವಲ್ಲ. ಎ.ಕೆ. ರಾಮಾನುಜನ್ ಚರ್ಚಿಸಿದ ಕನ್ನಡದ ‘ಹಂಚಿ’ಯ ಕಥೆಯೂ ಯುರೋಪಿನ ಸಿಂಡರೆಲ್ಲಾ ಕಥೆಯೂ ಒಂದೇ ವರ್ಗಕ್ಕೆ ಸೇರುತ್ತವೆ. ಆಂಟಿ ಆರ್ನೆ ೧೯೧೦ರಲ್ಲಿ ರೂಪಿಸಿ, ಸ್ಟಿತ್ ಥಾಮ್ಸನ್ ೧೯೨೮ ಮತ್ತು ೧೯೬೧ರಲ್ಲಿ ವಿಸ್ತರಿಸಿದ ಕಥಾವರ್ಗ ಸೂಚಿ ಇಂತಹ ಕಥೆಗಳಿಗೆ ೫೧೦ ಎಂಬ ಸಂಖ್ಯೆ ನೀಡಿದೆ. ಸಂಖ್ಯೆ ಪಾಠಗಳನ್ನು ಹತ್ತಿರ ತರುತ್ತದೆ. ಆದರೆ ಯಾವ ಪಾಠದ ಸ್ಥಾನವನ್ನೂ ಅದು ಆಕ್ರಮಿಸದು.

೧೯೯೮ರಲ್ಲಿ ಹಣ್ಣುನೊಣ, ಯೀಸ್ಟ್ ಮತ್ತು ಇಲಿಯ ದತ್ತಾಂಶಕೋಶಗಳು ಕೂಡಿ ಆರಂಭಿಸಿದ ‘ಜೀನ್ ಆಂಟಾಲಜಿ’ಯ ಕ್ರಮವೂ ಇದೇ. ವಂಶವಾಹಿಯಿಂದ ಉಂಟಾದ ವಸ್ತು ಯಾವ ಕೆಲಸ ಮಾಡುತ್ತದೆ, ಯಾವ ಜೈವಿಕ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ, ಜೀವಕೋಶದ ಯಾವ ಭಾಗದಲ್ಲಿರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅದು ಸಮಾನ ಪದಾವಳಿಯನ್ನು ಒದಗಿಸಿತು. ಪ್ರತಿ ಪದಕ್ಕೂ ಸ್ಥಿರ ಸಂಖ್ಯೆಯುಂಟು. ಪ್ರತಿ ಹೇಳಿಕೆಯ ಜೊತೆಗೆ ಅದು ಪ್ರಯೋಗದಿಂದ ಸಿದ್ಧವಾದುದೋ ಸಾದೃಶ್ಯದಿಂದ ಊಹಿಸಿದುದೋ ಎಂಬ ಆಧಾರಸೂಚಿಯೂ ಇರುತ್ತದೆ. ನಾವು ಪಾಠದೊಡನೆ ವಕ್ತೃವಿನ ವಿವರ ದಾಖಲಿಸುವ ಶಿಸ್ತಿಗೆ ಇದನ್ನು ಹೋಲಿಸಬಹುದು.

ಧಾನ್ಯಗಳಲ್ಲಿ ಭತ್ತವೇ ಮಾದರಿ. ಜಪಾನಿನ ನಿಪ್ಪೊನ್‌ಬಾರೆ ತಳಿಯ ವಂಶವಾಹಿ ಅನುಕ್ರಮ ೨೦೦೫ರಲ್ಲಿ ಪ್ರಕಟವಾಯಿತು. ಭತ್ತ, ಜೋಳ, ಗೋಧಿ ಮುಂತಾದ ಬೆಳೆಗಳ ದತ್ತಾಂಶಗಳನ್ನು ‘ಗ್ರಾಮೀನ್’ ಎಂಬ ಕೋಶ ತುಲನೆಗೆ ಒದಗಿಸಿತು. ೨೦೦೬ರಲ್ಲಿ, ಮುಳುಗಡೆಯನ್ನು ಎರಡು ವಾರಗಳವರೆಗೂ ತಾಳಿಕೊಳ್ಳಲು ನೆರವಾಗುವ ‘ಸಬ್-೧ಎ’ ವಂಶವಾಹಿಯ ಗುರುತು ಪ್ರಕಟವಾಯಿತು. ಅದರ ಆಕರ ‘ಎಫ್‌ಆರ್ ೧೩ಎ’ ಎಂಬ ತಳಿ. ಇದು ಒಡಿಶಾದ ರೈತರ ‘ಧಲಪುಟಿಯಾ’ ಭತ್ತದಿಂದ ಆಯ್ದುದು. ಜಗತ್ತು ಬಲ್ಲುದು ಸಂಕೇತವನ್ನು. ರೈತರ ಹೆಸರು ಹಿಂದೆ ಸರಿಯಿತು.

ನಮ್ಮಲ್ಲಿಯೂ ಸಾಗರ, ಸೊರಬ ಭಾಗದ ‘ನೆರೆಗೂಳಿ’ ಎಂಬ ಹೆಸರಿನೊಳಗೇ ನೆರೆಯಿದೆ. ಅದರ ಸಹಿಷ್ಣುತೆ ಸಬ್-೧ಎಯಿಂದಲೇ ಬಂದುದೆಂದು ಹೆಸರಿನಿಂದ ತೀರ್ಮಾನಿಸಲಾಗದು. ಆದರೆ ಪರೀಕ್ಷಿಸಬೇಕಾದ ಪ್ರಶ್ನೆಯನ್ನು ಆ ಹೆಸರು ಮುಂದಿಡುತ್ತದೆ. ಒಂದೇ ಹೆಸರಿನ ಬೀಜ ಎರಡು ಊರುಗಳಲ್ಲಿ ಬೇರೆಯಾಗಿರಬಹುದು. ಒಂದೇ ಬೀಜಕ್ಕೆ ಎರಡು ಹೆಸರುಗಳಿರಬಹುದು. ಆದ್ದರಿಂದ ಹೆಸರನ್ನು ಊರಿನೊಡನೆ ದಾಖಲಿಸುವುದು ಅಗತ್ಯ.

ಸಕಲೇಶಪುರ ತಾಲ್ಲೂಕಿನ ವನಗೂರಿನಂತಹ ಊರುಗಳ ಸಂದರ್ಭದಲ್ಲಿ ಈ ಕಾರ್ಯ ತುರ್ತಿನದು. ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಡಾನೆಗಳ ಹಾವಳಿಯಿಂದಲೂ ಆಳುಗಳ ಕೊರತೆಯಿಂದಲೂ ಅನೇಕ ಗದ್ದೆಗಳು ಪಾಳುಬಿದ್ದಿವೆ. ಗದ್ದೆ ಪಾಳುಬಿದ್ದರೆ ಬೀಜ ಹೋಗುತ್ತದೆ. ಬಿತ್ತುವವರಿಲ್ಲವಾದರೆ ಹೆಸರೂ ಹೋಗುತ್ತದೆ. ಬೀಜಕೋಶದಲ್ಲಿ ಕಾಳು ಉಳಿದರೂ ಅದು ಯಾವ ಗದ್ದೆಗೆ, ಯಾವ ಮಳೆಗೆ, ಯಾವ ಅಡುಗೆಗೆ ಒದಗುತ್ತಿತ್ತೆಂಬ ತಿಳಿವಳಿಕೆ ಅಲ್ಲಿ ಉಳಿಯದು.

ಇದು ಹಕ್ಕಿನ ಪ್ರಶ್ನೆಯೂ ಹೌದು. ೨೦೦೧ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರ ತಳಿಗಳ ನೋಂದಣಿಗೆ ಅವಕಾಶ ನೀಡಿದೆ. ತಳಿಯ ಬೆಳವಣಿಗೆಗೆ ಸಮುದಾಯ ನೀಡಿದ ಕೊಡುಗೆಗೆ ಪ್ರತಿಫಲ ಕೇಳುವ ದಾರಿಯೂ ಅದರಲ್ಲಿದೆ. ಸಂಖ್ಯೆಯಿಂದ ಹೆಸರಿಗೆ, ಹೆಸರಿನಿಂದ ಊರಿಗೆ ಹೋಗುವ ಕೊಂಡಿ ಕಳಚಿದರೆ ಆ ಕೋರಿಕೆಗೆ ಆಧಾರ ದೊರೆಯುವುದು ಕಷ್ಟ. ಆದಕಾರಣ ಜಾನಪದ ಕ್ಷೇತ್ರಕಾರ್ಯದಲ್ಲಿ ತಳಿಯ ಹೆಸರು, ಪರ್ಯಾಯ ಹೆಸರುಗಳು, ಊರು, ಗುಣವಿಶೇಷ, ಬೀಜಕೋಶದ ಸಂಖ್ಯೆ ಇವೆಲ್ಲ ವಕ್ತೃವಿನ ಒಪ್ಪಿಗೆಯೊಡನೆ ಒಂದೇ ದಾಖಲೆಯಲ್ಲಿ ಸೇರಬೇಕು. ವಿಜ್ಞಾನದ ದತ್ತಾಂಶಕೋಶಗಳು ಸ್ಥಳೀಯ ಹೆಸರುಗಳನ್ನು ಅಳಿಸದೆಯೇ ಬೆಸೆಯಬಹುದೆಂದು ತೋರಿಸಿವೆ. ಬೆಸೆಯಲು ಹೆಸರುಗಳನ್ನು ಉಳಿಸಿಕೊಡುವ ಹೊಣೆ ನಮ್ಮದು.