ಲಾಸಾ ಆಪ್ಸೊ: ಮುದ್ದಿಗೋ, ಕಾವಲಿಗೋ?

ಪ್ರಶ್ನೆ: ಲಾಸಾ ಆಪ್ಸೊ ಟಿಬೆಟಿನ ಮಠಗಳನ್ನು ಕಾಯುತ್ತಿತ್ತಂತೆ. ಗೇಣುದ್ದದ ನಾಯಿ ಯಾರನ್ನು ತಡೆದೀತು?

ಉತ್ತರ: ತಡೆಯುವ ಕೆಲಸ ಅದರದ್ದಾಗಿರಲೇ ಇಲ್ಲ. ಅದಕ್ಕೆ ಹೊರಗೆ ದೈತ್ಯ ಮಾಸ್ಟಿಫ್ ನಾಯಿ ಇರುತ್ತಿತ್ತು. ಅದನ್ನೂ ದಾಟಿ ಒಳಬಂದವರ ಸುಳಿವು ಕೊಡುವುದಷ್ಟೇ ಆಪ್ಸೊದ ಪಾಲಿನದು. ಹತ್ತು-ಹನ್ನೊಂದು ಇಂಚು ಎತ್ತರದ ಈ ಜೀವಕ್ಕೆ ಕಿವಿ ಚುರುಕು, ಬೊಗಳು ಗಾತ್ರ ಮೀರಿದ್ದು, ಅಪರಿಚಿತರೆಂದರೆ ಅನುಮಾನ. ಬರೀ ಮಡಿಲಿಗೆಂದು ಬೆಳೆಸಿದ್ದರೆ ಈ ಕೊನೆಯ ಗುಣ ಬೇಕಿರಲಿಲ್ಲ. ಬಂದವರೆಲ್ಲರ ಕೈ ನೆಕ್ಕಿದ್ದರೆ ಸಾಕಿತ್ತು. ಕೂದಲು ನೋಡಿ ಅಲಂಕಾರದ ಪ್ರಾಣಿ ಎನ್ನುವವರಿದ್ದಾರೆ. ಬೆರಳಿಂದ ಬಿಡಿಸಿ ನೋಡಿ: ಮೇಲಿನ ಎಳೆ ಒರಟು, ಭಾರ, ಅಡಿಯಲ್ಲಿ ಮೃದುವಾದ ಇನ್ನೊಂದು ಪದರ. ಸುಮಾರು 3,650 ಮೀಟರ್ ಎತ್ತರದ ಲಾಸಾದ ಚಳಿಗೆ ಹೊಂದಿದ ಹೊದಿಕೆ ಅದು. ನೆಲ ಗುಡಿಸುವಷ್ಟು ಉದ್ದ ಬಿಟ್ಟು ಬಾಚುವುದು ಶ್ವಾನ ಪ್ರದರ್ಶನಗಳ ಶೋಕಿ.

ಒಡನಾಡಿ ನಾಯಿಗಳ ಗುಂಪಿಗೆ ಇದನ್ನು ಸೇರಿಸಿದ್ದಾರಲ್ಲ ಎಂದು ಕೇಳಬಹುದು. ಆ ವರ್ಗೀಕರಣ ಹೇಳುವುದು ಇಂದಿನ ಬದುಕನ್ನು, ಹಳೆಯ ಕಸುಬನ್ನಲ್ಲ. 1933ರಲ್ಲಿ ಹದಿಮೂರನೆಯ ದಲೈ ಲಾಮಾ ಅಮೆರಿಕದ ಸೈಡಮ್ ಕಟಿಂಗ್ ಅವರಿಗೆ ಒಂದು ಜೋಡಿ ಆಪ್ಸೊಗಳನ್ನು ಉಡುಗೊರೆಯಾಗಿ ಕೊಟ್ಟರು. ಅಲ್ಲಿ ಕಾಯಲು ಮಠವಿರಲಿಲ್ಲ, ಸೋಫಾ ಇತ್ತು. ಕೆಲಸ ಹೋಯಿತು, ಸ್ವಭಾವ ಉಳಿಯಿತು. ಫ್ಲ್ಯಾಟಿನಲ್ಲಿ ಸಾಕುವವರು ಮರಿಯಿದ್ದಾಗಲೇ ನಾಲ್ಕು ಜನರ ಒಡನಾಟ ಮಾಡಿಸುವುದು ಒಳ್ಳೆಯದು.